ತಳದಲ್ಲಿ ಚುಕ್ಕೆಯಿದ್ದ ಲೋಟ

ನನ್ನ ಬೆನ್ನು ಮೊದಲ ಸಲ ನನ್ನ ಮಾತು ಕೇಳದೆ ಹೋದದ್ದು ಒಂದು ಶನಿವಾರ ಮಧ್ಯಾಹ್ನ, ಅಡುಗೆಮನೆಯ ಸಿಂಕಿನ ಮುಂದೆ, ದೇವರ ಲೋಟಗಳನ್ನು ತೊಳೆಯುತ್ತಿದ್ದಾಗ.

ದೇವರ ಲೋಟ ಎಂದರೆ ದೊಡ್ಡದೇನಲ್ಲ. ಹೆಬ್ಬೆರಳಿನಷ್ಟು ಎತ್ತರದ ಮೂವತ್ತಾರು ಗಾಜಿನ ಲೋಟಗಳು, ಅವನ್ನು ನಿಲ್ಲಿಸಲು ಕುಳಿಗಳಿರುವ ಒಂದು ಮರದ ತಟ್ಟೆ. ತೆಲುಗು ನಾಡಿನ ಉಪ್ಪಲ್‌ನಲ್ಲಿ ನಮ್ಮದೊಂದು ಪುಟ್ಟ ಕನ್ನಡ ಸಭೆಯಿದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಕ್ರೈಸ್ತರು. ಅರ್ಧ ಜನ ನನ್ನ ಗಂಡ ಪ್ರಭಾಕರ ಅವರ ಹಾಗೆ ರಕ್ಷಣಾ ಕಾರ್ಖಾನೆಗಳ ನೌಕರರು, ಇನ್ನರ್ಧ ಕಟ್ಟಡದ ಕೆಲಸದವರು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ: ರೊಟ್ಟಿಯ ಒಂದು ತುಣುಕು, ಒಬ್ಬೊಬ್ಬರಿಗೆ ಒಂದೊಂದು ಲೋಟ ದ್ರಾಕ್ಷಾರಸ. ಹಿಂದಿನ ದಿನ ದ್ರಾಕ್ಷಿ ಕುದಿಸಿ ಸೋಸುವುದು, ಲೋಟ ತೊಳೆದು ಒರೆಸಿ ಜೋಡಿಸುವುದು ನನ್ನ ಕೆಲಸ. ಯಾರೂ ನನ್ನನ್ನು ನೇಮಿಸಿದ್ದಲ್ಲ. ಮೊದಲು ಮಾಡುತ್ತಿದ್ದವರು ವರ್ಗವಾಗಿ ಹೋದರು, ಲೋಟದ ಪೆಟ್ಟಿಗೆ ನಮ್ಮ ಮನೆಯಲ್ಲಿ ಉಳಿಯಿತು, ಅಷ್ಟೆ.

ಆದರೂ ನನ್ನ ಬದುಕಿನಲ್ಲಿ ದೇವರಿಗೆ ಸೇರಿದ್ದು ಎಂದು ನಾನು ನಂಬಿದ್ದ ಕೆಲಸ ಅದೊಂದೇ. ಉಳಿದ ದಿನಗಳ ಅನ್ನ, ಬೇಳೆ, ಬಟ್ಟೆ, ನೆಲ ಒರೆಸುವುದು ಎಲ್ಲ ಆ ಶನಿವಾರ ಬರುವವರೆಗೆ ಹೇಗೋ ದಾಟಿಸಬೇಕಾದವು. ದೇವರ ಲೋಟಕ್ಕೆ ಬೇರೆ ಬೋಗುಣಿ, ಬೇರೆ ಬಟ್ಟೆ, ಬೇರೆ ನೀರು. ನಮ್ಮ ಮನೆಯ ಸ್ಟೀಲ್ ಲೋಟ ಅದರ ಹತ್ತಿರ ಸುಳಿಯುವಂತಿರಲಿಲ್ಲ.

ನಾನು ಚಿಂತೆಯ ಹೆಂಗಸು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೆಟ್ರೋ ಸ್ಟೇಷನ್ನಿನಿಂದ ವಾಪಸ್ ಬಂದು, ಗ್ಯಾಸ್ ಆರಿಸಿಯೇ ಇದೆ, ಬಾಗಿಲಿಗೆ ಬೀಗ ಹಾಕಿಲ್ಲ ಎಂದು ಪತ್ತೆ ಹಚ್ಚಿದವಳು. ಐವತ್ತು ದಾಟುವ ಹೊತ್ತಿಗೆ ನನಗೆ ಬರಬಹುದಾದ ಕಾಯಿಲೆಗಳ ಪಟ್ಟಿಯೊಂದು ತಲೆಯಲ್ಲಿ ಸಿದ್ಧವಾಗಿತ್ತು. ಬೆನ್ನು ಹಿಡಿದುಕೊಂಡಾಗ ಆ ಪಟ್ಟಿಯನ್ನು ಮೇಲಿನಿಂದ ಓದತೊಡಗಿದೆ. ಮುಲಾಮು, ಬಿಸಿನೀರಿನ ಚೀಲ, ಯಾರೋ ಹೇಳಿದ ಎಣ್ಣೆ ಎಲ್ಲ ಆಗಿ, ಸಂಜೆಯಾದರೆ ಸಣ್ಣ ಜ್ವರ ಬರತೊಡಗಿ, ಸಿಂಕಿನ ಮುಂದೆ ಐದು ನಿಮಿಷ ನಿಲ್ಲಲಾಗದೆ ಹೋದಾಗ ಆಸ್ಪತ್ರೆಗೆ ಹೊರಟೆವು.

ಆ ಆಸ್ಪತ್ರೆಯ ಕುರ್ಚಿಗಳನ್ನು ಒಂದೇ ಕಬ್ಬಿಣದ ಪಟ್ಟಿಗೆ ಹೊಲಿದಂತೆ ಜೋಡಿಸಿದ್ದರು. ಆ ತುದಿಯವನು ಕಾಲು ಕುಣಿಸಿದರೆ ಈ ತುದಿಯಲ್ಲಿ ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಪಕ್ಕದಲ್ಲಿ ಮಲ್ಲಿಗೆ ಮುಡಿದ ಒಬ್ಬ ತೆಲುಗು ಹೆಂಗಸು, ಮಡಿಲಲ್ಲಿ ಗಂಡನ ಎಕ್ಸ್‌ರೇ. ನನ್ನ ಮುಖ ನೋಡಿ, "ನಡುಮು ನೊಪ್ಪಾ ಅಮ್ಮಾ?" ಎಂದಳು, ಸೊಂಟ ನೋವೇ ಎಂದು. ನಾನು ತಲೆಯಾಡಿಸಿದೆ. ಅವಳು ಎದ್ದು, ಆಚೆಗಿದ್ದ ಇಬ್ಬರನ್ನೂ ಎಬ್ಬಿಸಿ, ಮೂರು ಕುರ್ಚಿ ಖಾಲಿ ಮಾಡಿಸಿ, "ಪಡುಕೋಂಡಿ" ಎಂದು ಮಲಗಲು ಹೇಳಿದಳು. ನಾನು ಮಲಗಿದೆ. ಅವಳ ಸೀರೆಯ ಅಂಚು, ಅದರಾಚೆ ಟ್ಯೂಬ್‌ಲೈಟು, ಟ್ಯೂಬ್‌ಲೈಟಿನ ಸುತ್ತ ಒಂದು ಹುಳು. ಆ ಹುಳುವನ್ನು ಎಷ್ಟು ಹೊತ್ತು ನೋಡಿದೆನೋ. ಎದ್ದಾಗ ಅವಳಿರಲಿಲ್ಲ, ನನ್ನ ತಲೆಯ ಕೆಳಗೆ ಮಡಿಸಿದ ಅವಳ ಟವೆಲ್ ಇತ್ತು. ಅದು ಈಗಲೂ ನಮ್ಮ ಮನೆಯಲ್ಲಿದೆ.

ಯಂತ್ರದೊಳಗೆ ಹೋಗಿದ್ದು, ಸೂಜಿ ಹಾಕಿ ಬೆನ್ನಿನಿಂದ ಏನೋ ತೆಗೆದದ್ದು, ಹತ್ತು ದಿನ ಕಾದದ್ದು ಬಿಡಿ. ಕೊನೆಗೆ ಡಾಕ್ಟರು ಹೇಳಿದರು: "ಟಿಬಿ ಅಮ್ಮಾ. ವೆನ್ನೆಮುಕಲೋ. ಮಂದುಲು ಉನ್ನಾಯಿ, ಭಯಪಡಕಂಡಿ." ಬೆನ್ನುಮೂಳೆಯ ಕ್ಷಯ, ಔಷಧಿ ಇದೆ, ಹೆದರಬೇಡಿ. ಮೂರು ತಿಂಗಳು ಗಟ್ಟಿ ಹಲಗೆಯ ಮೇಲೆ ಅಂಗಾತ ಮಲಗಬೇಕು, ಮಾತ್ರೆ ವರ್ಷದ ಮೇಲೂ ನುಂಗಬೇಕು.

ನನ್ನ ಅಷ್ಟುದ್ದದ ಪಟ್ಟಿಯಲ್ಲಿ ಇದೊಂದು ಇರಲೇ ಇಲ್ಲ. ನಗು ಬಂತು. ಇವರು ಕುರ್ಚಿಯಿಂದ ಅರ್ಧ ಎದ್ದು, "ಸುಗುಣಾ, ಯಾಕ ನಗಾಕತ್ತೀ?" ಎಂದು ಗಾಬರಿಯಾದರು.

ನಗು ನಿಂತ ಕೂಡಲೇ ನೆನಪಾದದ್ದು ಒಂದು ಚುಕ್ಕೆ.

ಇಲ್ಲಿ ಒಂದು ಸಂಗತಿ ಒಪ್ಪಿಕೊಳ್ಳಬೇಕು. ನಮ್ಮ ಸಭೆಯಲ್ಲಿ ದೇವಪ್ಪ ಎಂಬ ಗೌಂಡಿ ಇದ್ದಾನೆ, ಯಾದಗಿರಿ ಕಡೆಯವನು, ಮಾತು ಕಡಿಮೆ. ಅವನ ಹೆಂಡತಿ ರತ್ನಮ್ಮ ಹೊಸ ಕಟ್ಟಡಗಳಲ್ಲಿ ಕೂಲಿಗೆ ಹೋಗುತ್ತಾಳೆ. ಕೆಲವು ವರ್ಷಗಳ ಹಿಂದೆ ದೇವಪ್ಪನಿಗೆ ಎದೆಯ ಕ್ಷಯವಾಗಿತ್ತು. ಔಷಧಿ ಮುಗಿಸಿ, ವಾಸಿಯಾಯಿತೆಂದು ಚೀಟಿ ಬರೆಸಿಕೊಂಡು, ಮತ್ತೆ ಸಭೆಗೆ ಬಂದ. ಸಭೆಯೆಲ್ಲ ಎದ್ದು ಸ್ತೋತ್ರ ಹೇಳಿತು, ನಾನೂ ಹೇಳಿದೆ. ಮನೆಗೆ ಬಂದು, ಒಂದು ಲೋಟದ ತಳಕ್ಕೆ ಕೆಂಪು ನೇಲ್ ಪಾಲಿಶ್‌ನಿಂದ ಚುಕ್ಕೆಯಿಟ್ಟೆ.

ಅವರಿಬ್ಬರೂ ಯಾವಾಗಲೂ ಕೊನೆಯ ಸಾಲಿನಲ್ಲಿ ಮೊಣಕಾಲೂರುವವರು, ತೀರ ತುದಿಗೆ ದೇವಪ್ಪ. ಹಾಗಾಗಿ ಆ ಲೋಟವನ್ನು ತಟ್ಟೆಯ ಕೊನೆಯ ಕುಳಿಯಲ್ಲಿ ಇಡುತ್ತಿದ್ದೆ. ಅದು ದೇವಪ್ಪನ ಕೈಗೇ ಹೋಗುತ್ತಿತ್ತು. ಆಮೇಲೆ ಅದನ್ನು ಬೇರೆಯಾಗಿ ಕುದಿಯುವ ನೀರಿನಲ್ಲಿ ಅದ್ದುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಇವರಿಗೂ. ಎಲ್ಲರ ಆರೋಗ್ಯ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ದೇವರ ಕೆಲಸದಲ್ಲಿ ಇಷ್ಟು ಜಾಗ್ರತೆ ಯಾರು ಮಾಡುತ್ತಾರೆ ಎಂದು ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಈಗ ಅದೇ ಕಾಯಿಲೆ ಬಂದು ನನ್ನ ಬೆನ್ನಲ್ಲಿ ಕೂತಿತ್ತು.

"ನನ್ನದು ಇನ್ನೊಬ್ಬರಿಗೆ ಹರಡುತ್ತದೆಯೇ?" ಎಂದು ಡಾಕ್ಟರನ್ನು ಕೇಳಿದೆ. ಇಲ್ಲ, ಮೂಳೆಯೊಳಗಿನದು ಹಾಗೆ ಹರಡುವುದಿಲ್ಲ ಎಂದರು. ದೇವಪ್ಪನ ವಿಷಯದಲ್ಲೂ ಅವನ ಡಾಕ್ಟರು ಹಾಗೇ ಹೇಳಿದ್ದರು, ಇನ್ನು ಯಾರಿಗೂ ಭಯವಿಲ್ಲ ಎಂದು. ನಾನು ಕೇಳಿಸಿಕೊಂಡಿದ್ದೆ. ಕೇಳಿಸಿಕೊಂಡೇ ಚುಕ್ಕೆ ಇಟ್ಟಿದ್ದೆ.

ಸಭೆಯಲ್ಲಿ ಬರೀ ಬೆನ್ನುನೋವು ಅನ್ನಿ ಎಂದು ಇವರಿಗೆ ನೂರು ಸಲ ಹೇಳಿ ಕಳಿಸಿದ್ದೆ. ಆದರೆ ಇವರು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಅಳೆದು ಪಾಸು ಮಾಡುವವರು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ವಾಪಸ್ ಕಳಿಸುವ ಜಾತಿ. ಪ್ರಾರ್ಥನೆ ವಿನಂತಿಯ ಹೊತ್ತಿನಲ್ಲಿ ಎದ್ದು ನಿಂತು, ಯಾವ ಮೂಳೆ, ಮೇಲಿನಿಂದ ಎಷ್ಟನೆಯದು, ಯಾವ ಕಾಯಿಲೆ, ಎಲ್ಲ ವಿವರಿಸಿ ಕೂತರಂತೆ.

ಸಂಜೆಯೇ ಸುಲೋಚನಾಬಾಯಿಯವರ ಫೋನು. ಸಭೆಯಲ್ಲಿ ಹಿರಿಯರು, ಒಳ್ಳೆಯವರೇ. "ಸುಗುಣಾ, ತಪ್ಪ ತಿಳ್ಕೊಬ್ಯಾಡ ನೋಡವಾ. ಎಲ್ಲಾ ಕಡೆ ಈಗ ಪೇಪರ್ ಕಪ್ ಬಂದಾವ. ನಾವೂ ಅದನ್ನ ತರಸೋಣ ಅನ್ನಾಕತ್ತಾರ. ನಿನ್ನ ಸಲುವಾಗೇ, ನೀ ಎದ್ದ ಮ್ಯಾಲೂ ತೊಳಿಯೋ ತ್ರಾಸು ನಿನಗ್ಯಾಕ?"

"ಹೂಂರಿ" ಎಂದೆ. ನನಗೆ ಬಂದ ಕೋಪವೆಲ್ಲ ನನ್ನ ಹಳೆಯ ಚುಕ್ಕೆಗೆ ಬಡಿದು ನನಗೇ ವಾಪಸ್ ಬರುತ್ತಿತ್ತು. ಆದರೆ ಭಯ ಮಾತ್ರ ನಿಜವಾದದ್ದು. ನಾನು ಏಳುವ ಹೊತ್ತಿಗೆ ಆ ಲೋಟಗಳು ಇರುತ್ತವೆಯೇ? ಇದ್ದರೂ ನಾನು ತೊಳೆದದ್ದರಲ್ಲಿ ಯಾರಾದರೂ ಕುಡಿಯುತ್ತಾರೆಯೇ? ಅದಿಲ್ಲದೆ ದೇವರಿಗೆ ನನ್ನಿಂದ ಆಗಬೇಕಾದದ್ದಾದರೂ ಏನು?

ಮರುದಿನ ಗಟ್ಟಿ ಹಲಗೆ ಬಂತು. ತಂದವನು ದೇವಪ್ಪ. ಸೆಂಟ್ರಿಂಗ್ ಕೆಲಸದ ದಪ್ಪ ಪ್ಲೈವುಡ್, ಅಂಚುಗಳನ್ನು ಉಜ್ಜಿ ನುಣುಪು ಮಾಡಿದ್ದ. ಮಂಚದ ಮೇಲೆ ಕೂಡಿಸಿ, ಅಂಗೈಯಿಂದ ಒಮ್ಮೆ ಸವರಿ, "ಸಿಬರಿಲ್ರಿ" ಎಂದ. ಅಷ್ಟೇ ಅವನ ಮಾತು. ಮೂರು ತಿಂಗಳು ನಾನು ಅದರ ಮೇಲೆ ಮಲಗಿದೆ.

ಆ ಮೂರು ತಿಂಗಳು ಎಲ್ಲಿದ್ದೆ ಎಂದು ಕೇಳಿದರೆ ಹೇಳುವುದು ಕಷ್ಟ. ಬೆಳಗಿನ ಮಾತ್ರೆ ನುಂಗಿದ ಮೇಲೆ ಮನೆ ಮೆಲ್ಲಗೆ ದಡ ಬಿಡುತ್ತಿತ್ತು. ಎದುರು ಮಹಡಿಯ ನೀರಿನ ಟ್ಯಾಂಕಿನಿಂದ ತುಳುಕಿದ ಬೆಳಕು ನಮ್ಮ ಛಾವಣಿಯ ಮೇಲೆ ಬಂದು ಅಲ್ಲಾಡುತ್ತಿತ್ತು. ನಾನು ಅದರ ಕೆಳಗೆ, ನೀರಿನ ತಳದಲ್ಲಿ ಕೂತ ಕಲ್ಲಿನ ಹಾಗೆ. ಮನೆ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಕುಕ್ಕರಿನ ಸೀಟಿ, ಕೊತ್ತಂಬರಿ ಮಾರುವವನ ಮೈಕು, ಒದ್ದೆ ಬಟ್ಟೆಯನ್ನು ಝಾಡಿಸುವ ಸದ್ದು. ಇಷ್ಟು ವರ್ಷ ನಾನೇ ಮಾಡಿದ ಸದ್ದುಗಳು. ನಾನು ಮಾಡುವಾಗ ಒಂದನ್ನೂ ಕೇಳಿರಲಿಲ್ಲ. ಅರೆನಿದ್ದೆಯಲ್ಲಿ ಲೋಟಗಳು ಛಾವಣಿಯ ಬೆಳಕಿನಲ್ಲಿ ತಲೆಕೆಳಗಾಗಿ ತೇಲುತ್ತಿದ್ದವು, ಮೂವತ್ತಾರು ತಳಗಳು ನನ್ನ ಕಡೆಗೆ. ಎಣಿಸುತ್ತಿದ್ದೆ. ಎಣಿಕೆ ಮುಗಿಯುವುದರೊಳಗೆ ಕುಕ್ಕರ್ ಕೂಗುತ್ತಿತ್ತು.

ಕುಕ್ಕರಿನ ಯಜಮಾನರು ಈಗ ಇವರು. ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದರು. ಬೇಳೆ ಬೇಯಿಸುವ ಹೊತ್ತನ್ನು ಗೋಡೆಯ ಮೇಲೆ ಬರೆದಿಟ್ಟರು. ಸ್ಕೇಲು ಹಿಡಿದು ಅಕ್ಕಿಯ ಮೇಲೆ ನೀರು ಅಳೆಯುವುದನ್ನು ನಾನು ಒಮ್ಮೆ ಬೀರುವಿನ ಕನ್ನಡಿಯಲ್ಲಿ ಕಂಡೆ, ದೇವರಾಣೆಗೂ. ಅಂಥ ಮನುಷ್ಯ ಮೊದಲ ಶನಿವಾರ, ನನಗೆ ಹೇಳದೆ, ದ್ರಾಕ್ಷಿಯನ್ನು ದಿನಾ ಸಾರು ಮಾಡುವ ಪಾತ್ರೆಯಲ್ಲೇ ಕುದಿಸಿಬಿಟ್ಟರು. ನಮ್ಮ ಮನೆಯ ಸಾರಿಗೆ ಇಂಗು ಸ್ವಲ್ಪ ಜಾಸ್ತಿ.

ವರದಿ ತಂದವಳು ರತ್ನಮ್ಮ. ಭಾನುವಾರ ಸಭೆ ಮುಗಿಸಿ ನೇರ ನನ್ನ ಕೋಣೆಗೆ ಬಂದು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಅಕ್ಕಾರ, ಇವತ್ತ ಕರ್ತನ ಭೋಜನಕ್ಕ ಒಗ್ಗರಣಿ ಹಾಕ್ಯಾರ ನಮ್ಮ ಅಣ್ಣಾರು! ಪಾಸ್ಟರ್ ಅಯ್ಯಾರು ಒಂದು ಗುಟುಕು ಕುಡದು ಹಿಂಗ ಕಣ್ಣ ಮುಚ್ಚಿದ್ರು ನೋಡ್ರಿ, ಭಾಳ ಭಕ್ತಿ ಬಂದೈತಿ ಅಂತ ಎಲ್ಲಾರೂ ತಿಳ್ಕೊಂಡ್ರು. ನಾವು ಕುಡದ ಮ್ಯಾಲೆ ಗೊತ್ತಾತು."

ನಗಬಾರದು, ಬೆನ್ನು ನೋಯುತ್ತದೆ. ನಕ್ಕೆ. ಕಣ್ಣೀರು ಕಿವಿಯೊಳಗೆ ಇಳಿಯಿತು.

"ಪೇಪರ್ ಕಪ್ ಸುದ್ದಿ ಏನಾತು?" ಎಂದೆ.

"ಏನಾತು? ಅಕ್ಕಾರು ಎದ್ದ ಬರೂತನ ನಾ ತೊಳೀತೀನಿ ಅಂದೆ. ಆಮ್ಯಾಲೆ ನೋಡೋಣಂದ್ರು."

ಮುಂದಿನ ಶನಿವಾರಗಳು ಹೀಗೆ ಅವಳವಾದವು, ನನಗೆ ಹೊಸ ಚಿಂತೆಯಾಯಿತು. ಅಡುಗೆಮನೆಯಲ್ಲಿ ಅವಳು ಲೋಟ ತೊಳೆಯುವ ಸದ್ದನ್ನು ಉಸಿರು ಹಿಡಿದು ಕೇಳುತ್ತಿದ್ದೆ. ಗಾಜಿನ ಟಿಣ್, ಅದರ ಜೊತೆಗೇ ಸ್ಟೀಲಿನ ಠಣ್. ನಮ್ಮ ಮನೆಯ ಎಂಜಲು ಲೋಟಗಳನ್ನೂ ದೇವರ ಲೋಟಗಳನ್ನೂ ಒಂದೇ ಬೋಗುಣಿಯಲ್ಲಿ ಹಾಕಿ ತಿಕ್ಕುತ್ತಿದ್ದಳು! ಬೇರೆ ದಿನವಾಗಿದ್ದರೆ ಕೂಗಿಕೊಳ್ಳುತ್ತಿದ್ದೆ. ಈಗ ಕಾದದ್ದು ಒಂದಕ್ಕೇ, ಆ ಟಿಣ್ ನಿಲ್ಲುವುದಕ್ಕೆ. ಅವಳು ಒಂದು ಲೋಟ ತಿರುಗಿಸಿ ನೋಡಿ, ಚುಕ್ಕೆ ಕಂಡು, ಸುಮ್ಮನಾಗುವ ಕ್ಷಣಕ್ಕೆ.

ಟಿಣ್ ನಿಲ್ಲಲಿಲ್ಲ. ಲೋಟ ಮುಗಿಸಿ ಅವಳು ಒಂದು ಕಟ್ಟು ಮೆಂತ್ಯ ತಂದು ನನ್ನ ಎದೆಯ ಮೇಲೆ ಇಟ್ಟಳು, ತಟ್ಟೆಯ ಸಮೇತ. "ಬೆನ್ನ ಅಷ್ಟ ಮಕ್ಕೊಂಡೈತಿ. ಕೈಗೇನಾಗೈತಿ? ಸೋಸ್ರಿ."

ಸೋಸಿದೆ. ಕಣ್ಣಿಗೆ ಕಾಣದೆ, ಬೆರಳಿನಿಂದಲೇ ಎಲೆ ಹುಡುಕಿ ಚಿವುಟಿ. ಒಂದು ಎಲೆ, ಇನ್ನೊಂದು ಎಲೆ. ಪ್ರಾರ್ಥನೆ ಮಾಡಲು ಕೂತರೆ ನನ್ನ ತಲೆಯಲ್ಲಿ ಗ್ಯಾಸಿನ ಚಿಂತೆ ಬರುತ್ತದೆ. ಆ ದಿನ ಮೆಂತ್ಯ ಸೋಸಲು ಹೋದರೆ ಪ್ರಾರ್ಥನೆ ಬಂತು. ಟವೆಲ್ ಬಿಟ್ಟುಹೋದ ಹೆಂಗಸಿಗೊಂದು ಎಲೆ, ಅವಳ ಗಂಡನ ಎಕ್ಸ್‌ರೇಗೊಂದು, ಸ್ಕೇಲು ಹಿಡಿದ ನನ್ನ ಗಂಡನಿಗೊಂದು, ಸುಲೋಚನಾಬಾಯಿಯವರಿಗೂ ಒಂದು, ಸ್ವಲ್ಪ ತೂತು ಬಿದ್ದದ್ದು. ಕೋಣೆಯಲ್ಲೆಲ್ಲ ಹಸಿರು ವಾಸನೆ, ಛಾವಣಿಯ ಮೇಲೆ ನೀರಿನ ಬೆಳಕು. ಸಂಜೆ ಆ ಪಲ್ಯ ತಿನ್ನುವಾಗ ಇವರು, "ಇದನ್ನ ಸೋಸಿದವರು ಯಾರು? ಒಂದೂ ಕಡ್ಡಿ ಇಲ್ಲ, ಪಾಸು!" ಎಂದರು. ಯಾವ ಸಭೆಯೂ ನನಗೆ ಅಷ್ಟು ದೊಡ್ಡ ಆಶೀರ್ವಾದ ಹೇಳಿರಲಿಲ್ಲ.

ಮೂರನೆಯ ತಿಂಗಳ ಕೊನೆಗೆ ತಡೆಯಲಾಗಲಿಲ್ಲ. ಆ ಶನಿವಾರ ಅವಳು ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದಾಗ ಕೇಳಿಯೇಬಿಟ್ಟೆ. "ರತ್ನಮ್ಮಾ, ಒಂದು ಲೋಟದ ತಳದಾಗ..."

"ಕೆಂಪು ಚುಕ್ಕಿ" ಎಂದಳು.

ಹಲಗೆಯ ಅಂಚು ಹಿಡಿದುಕೊಂಡೆ. "ಯಾವಾಗ ನೋಡ್ದಿ?"

"ಯಾವಾಗಂದ್ರ? ಮೊದಲನೇ ಸರ್ತಿನೇ. ಗಿಲಾಸ್ ಎತ್ತಿ ಕುಡಿಯೂಮುಂದ ತಳ ಕುಡಿಯೋರಿಗೆ ಕಾಣಂಗಿಲ್ರಿ, ಬಾಜೂಕ ಕುಂತವರಿಗೆ ಕಾಣ್ತೈತಿ. ಬಾಜೂಕ ನಾ ಇದ್ದೆ."

ಇಷ್ಟು ವರ್ಷ ಎಲ್ಲ ಯೋಚಿಸಿದ್ದ ನಾನು ಇದೊಂದನ್ನು ಯೋಚಿಸಿರಲಿಲ್ಲ. "ಮತ್ತ ಯಾಕ ಕೇಳಲಿಲ್ಲ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಮೊದಲ ಸಿಟ್ಟ ಬಂದಿತ್ರಿ, ಭಾಳ. ಮಾತಾಡಬಾರ್ದು ನಿಮ್ಮ ಕೂಡ ಅನ್ಕೊಂಡಿದ್ದೆ. ಆದ್ರ ಒಳಗ ಇದ್ದಿದ್ದು ಎಲ್ಲಾರ ಗಿಲಾಸಿನಾಗ ಇದ್ದದ್ದೇ ಅಲ್ಲೇನ್ರಿ. ದೇವರೇನು ಚುಕ್ಕಿ ನೋಡಿ ಕಡಿಮಿ ಕೊಟ್ನಾ?"

"ದೇವಪ್ಪಗ ಗೊತ್ತೈತೇನು?"

"ಗೊತ್ತೈತೋ ಇಲ್ಲೋ, ನಾ ಕೇಳಿಲ್ಲ. ನೀವೂ ಕೇಳಬ್ಯಾಡ್ರಿ."

ತಪ್ಪಾಯಿತು ಎಂದೆ. ಅಂಗಾತ ಮಲಗಿ ಕ್ಷಮೆ ಕೇಳುವುದು ಕಷ್ಟ, ತಲೆ ತಗ್ಗಿಸಲು ಆಗುವುದಿಲ್ಲ. ಛಾವಣಿ ನೋಡುತ್ತಲೇ ಹೇಳಿದೆ. "ಆ ಲೋಟ ಒಗದುಬಿಡು" ಎಂದೂ ಸೇರಿಸಿದೆ.

"ಒಗದ್ರ ಒಬ್ಬರಿಗೆ ಕಡಿಮಿ ಆಕ್ಕೈತಲ್ರಿ" ಎಂದು ಒಳಗೆ ಹೋದಳು. ಬಂದಾಗ ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಅರ್ಧ ಬ್ಲೇಡು. ನನ್ನ ಹಲಗೆಯ ಅಂಚಿಗೆ ಕೂತು, ಲೋಟವನ್ನು ಬೆಳಕಿಗೆ ತಿರುಗಿಸಿ ಹಿಡಿದು, ಕೆರೆಯತೊಡಗಿದಳು. "ಹೊಸಾ ಬಿಲ್ಡಿಂಗಿನಾಗ ಕಿಡಕಿ ಗಾಜಿನ ಮ್ಯಾಲಿನ ಪೇಂಟ್ ಚುಕ್ಕಿ ತಗಿಯೋದ ನನ್ನ ಕೆಲಸ. ಇದೇನ ಮಹಾ." ಕೆಂಪು ಪುಡಿ ಅವಳ ಮಡಿಲಿಗೆ ಉದುರಿತು. ಉಫ್ ಎಂದು ಊದಿದಳು. ಒಳಗೆ ಹೋಗಿ ಬೋಗುಣಿಯಲ್ಲಿ ಬಿಟ್ಟಳು. ಟಿಣ್, ಠಣ್, ಟಿಣ್. "ಈಗ ಯಾವುದಂತ ನನಗೂ ಗೊತ್ತಿಲ್ರಿ!" ಎಂದು ಅಲ್ಲಿಂದಲೇ ಕೂಗಿದಳು.

ಬೆನ್ನಿಗೆ ಪಟ್ಟಿ ಬಿಗಿದುಕೊಂಡು ಮೊದಲ ಸಲ ನಿಂತಾಗ ನೆಲ ನನಗಿಂತ ಬಹಳ ಕೆಳಗಿತ್ತು. ಹೀಗೇ ಮಲಗಿಕೊಂಡು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳುತ್ತೇನೆ: ನೆಲ ಮೆಲ್ಲಗೆ ಮೇಲೆ ಬರುತ್ತದೆ. ಮೊದಲು ಅಡುಗೆಮನೆಯ ಬಾಗಿಲವರೆಗೆ, ಆಮೇಲೆ ಸ್ಟೂಲಿನವರೆಗೆ. ಅಲ್ಲಿಯತನಕ ಯಾರಾದರೂ ಎದೆಯ ಮೇಲೆ ಮೆಂತ್ಯ ಇಟ್ಟರೆ ಬೇಡ ಎನ್ನಬೇಡಿ.

ನಾನು ಸಭೆಗೆ ಹೋದ ಮೊದಲ ದಿನವೇ ಮಾತು ಬಂತು. ಆರಾಧನೆ ಮುಗಿದ ಮೇಲೆ ಪಾಸ್ಟರ್ ಕೇಳಿದರು: "ಮುಂದಿನ ವಾರ ಕರ್ತನ ಭೋಜನ. ಗಾಜಿನವಾ, ಪೇಪರಿನವಾ? ಹೆಂಗ ಮಾಡೋಣು?" ಯಾರೂ ನನ್ನ ಕಡೆ ನೋಡಲಿಲ್ಲ. ಎಲ್ಲರೂ ನೋಡದೆ ಇರುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು, ಆ ಆಸ್ಪತ್ರೆಯ ಕುರ್ಚಿಗಳ ಹಾಗೆ. ಸುಲೋಚನಾಬಾಯಿ ಗಂಟಲು ಸರಿಮಾಡಿಕೊಂಡರು.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿಯಿತು. ದೇವಪ್ಪ ಎದ್ದು ನಿಂತಿದ್ದ. ಸಭೆಯಲ್ಲಿ ಅವನ ದನಿ ಯಾರೂ ಕೇಳಿರಲಿಲ್ಲ. "ಸುಗುಣಕ್ಕಾರ ಕೈಲೇ ಬರ್ಲಿರಿ" ಎಂದ. "ಮೊದಲ ನಾ ಕುಡೀತೀನಿ" ಎಂದು ಕೂತ.

ಸುಲೋಚನಾಬಾಯಿ ಅವನನ್ನೂ ನನ್ನನ್ನೂ ನೋಡಿದರು. "ಆತ ಬಿಡ್ರಿ, ಗಾಜಿನವೇ ಇರ್ಲಿ" ಎಂದರು. "ದ್ರಾಕ್ಷಿ ಮಾತ್ರ ಆಕೀನೇ ಕುದಿಸ್ಲಿ. ಪ್ರಭಾಕರ ಬ್ಯಾಡ."

ಆ ಶನಿವಾರ ಸ್ಟೂಲಿನ ಮೇಲೆ ಕೂತು ನಾನು ತೊಳೆದೆ, ರತ್ನಮ್ಮ ಒರೆಸಿದಳು. ಬೋಗುಣಿ ಒಂದೇ. ದೇವರ ಲೋಟಗಳ ನಡುವೆ ಇವರ ಟೀ ಲೋಟವೂ ತೇಲುತ್ತಿತ್ತು. ಬೇರೆ ಮಾಡಲು ಕೈ ಹೋಯಿತು, ಅಭ್ಯಾಸ; ಮಾಡಲಿಲ್ಲ. ತಿಕ್ಕಿದರೆ ಎರಡೂ ಒಂದೇ ಥರ ಕಿರ್ ಎನ್ನುತ್ತವೆ.

ಭಾನುವಾರ ದೇವಪ್ಪ ಎಲ್ಲರಿಗಿಂತ ಮುಂದೆ ಹೋಗಿ ಮೊಣಕಾಲೂರಿದ. ಕೈಗೆ ಬಂದ ಲೋಟ ಕುಡಿದ, ಎದ್ದ, ಹೋಗಿ ಕೂತ. ಅವನ ಹಿಂದೆ ಒಂದೊಂದೇ ಸಾಲು. ಮುಂಜಾನೆಯ ಬೆಳಕು ಗಾಜುಗಳಲ್ಲಿ ಸಿಕ್ಕಿ ಛಾವಣಿಯ ಮೇಲೆ ಅಲ್ಲಾಡುತ್ತಿತ್ತು. ನನಗೆ ಒಂದು ಗಳಿಗೆ ನಾನಿನ್ನೂ ಹಲಗೆಯ ಮೇಲೆ ಇದ್ದೇನೆ ಎನಿಸಿತು. ನಾನು ಕೊನೆಗೆ ಹೋದೆ. ಮೊಣಕಾಲೂರಲು ಬೆನ್ನಿನ ಪಟ್ಟಿ ಬಿಡುವುದಿಲ್ಲ, ಕುರ್ಚಿ ಹಾಕಿಕೊಟ್ಟರು. ಪಕ್ಕದಲ್ಲಿ ನೆಲದ ಮೇಲೆ ರತ್ನಮ್ಮ.

ಕೊನೆಯ ಕುಳಿಯ ಲೋಟ ನನ್ನ ಕೈಗೆ ಬಂತು. ಎತ್ತಿದೆ. ತುಟಿಗೆ ತಾಗಿಸಿದ ಮೇಲೆ ನೆನಪಾಯಿತು, ಇದರ ತಳ ನನಗೆ ಕಾಣುವುದಿಲ್ಲ. ಹಾಗೇ ನಿಂತುಬಿಟ್ಟಿತು ಕೈ.

ರತ್ನಮ್ಮ ಕತ್ತು ಬಗ್ಗಿಸಿ ಕೆಳಗಿನಿಂದ ನೋಡಿದಳು.

"ಏನೂ ಇಲ್ರಿ ಅಕ್ಕಾ" ಎಂದು ಪಿಸುಗುಟ್ಟಿದಳು. "ಕುಡೀರಿ."